ನಾಯಿಮರಿ, ಬೆಕ್ಕಿನ ಮರಿಗೆ ಲಸಿಕೆ: ಸೂಜಿ ಎಣಿಸಬೇಡಿ, ವಾರ ಎಣಿಸಿ

"ಅಣ್ಣಾ, ಮೂರು ಇಂಜೆಕ್ಷನ್ ಪೂರ್ತಿ ಹಾಕಿಸಿದ್ದೆ. ಆದ್ರೂ ಪಾರ್ವೋ ಬಂದ್ಬಿಡ್ತು."

ಪಾರ್ವೋ ಎಂದರೆ ವಾಂತಿ, ರಕ್ತಭೇದಿ ತಂದು ಮರಿಗಳನ್ನು ಸಾಯಿಸುವ ವೈರಸ್ ಕಾಯಿಲೆ. ಈ ಮಾತು ನನಗೆ ಫೋನಿನಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಲಸಿಕೆ ಕಾರ್ಡಿನ ಫೋಟೊ ಕಳಿಸಿ ಎನ್ನುತ್ತೇನೆ. ಕಾರ್ಡ್ ನೋಡಿದರೆ ಕತೆ ಹೆಚ್ಚುಕಡಿಮೆ ಒಂದೇ. ಮೊದಲ ಡೋಸ್ ಐದನೇ ವಾರ, ಎರಡನೆಯದು ಏಳನೇ ವಾರ, ಮೂರನೆಯದು ಒಂಬತ್ತನೇ ವಾರ. ಅಲ್ಲಿಗೆ "ಕೋರ್ಸ್ ಮುಗೀತು" ಎಂದು ಮರಿಯನ್ನು ಬೀದಿಗೆ ಬಿಟ್ಟಿರುತ್ತಾರೆ. ಮೂರು ಸ್ಟಿಕರ್ ಇದೆ, ದುಡ್ಡು ಕೊಟ್ಟಿದ್ದಾರೆ, ಅವರು ಸುಳ್ಳೇನೂ ಹೇಳುತ್ತಿಲ್ಲ. ಆದರೆ ಆ ಮೂರರಲ್ಲಿ ಒಂದೂ ಮೈಗೆ ಹತ್ತಿರಲಿಕ್ಕಿಲ್ಲ.

ಯಾಕೆ ಹೀಗಾಗುತ್ತದೆ, ಯಾವ ಕ್ರಮದಲ್ಲಿ ಮಾಡಿದರೆ ತಪ್ಪುವುದಿಲ್ಲ ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ನಾನು ವೈದ್ಯನಲ್ಲ, ವರ್ಷಗಳಿಂದ ನಾಯಿ ಬೆಕ್ಕು ಸಾಕಿಕೊಂಡು ಬಂದವನು. ಚುಚ್ಚುವ ಕೆಲಸ ಪಶುವೈದ್ಯರದ್ದು. ಉಳಿದದ್ದೆಲ್ಲ ನಿಮ್ಮದು, ಕೆಡುವುದೂ ಅಲ್ಲೇ.

ಮೊದಲು ಇಷ್ಟು ಕೈಯಲ್ಲಿರಲಿ

ಒಂದು ಕ್ಯಾಲೆಂಡರ್, ಮೊಬೈಲಿನದ್ದಾದರೂ ಸರಿ. ಲಸಿಕೆ ಕಾರ್ಡ್. ಮರಿಯ ತೂಕ ನೋಡಲು ಅಡುಗೆಮನೆಯ ತಕ್ಕಡಿ. ಒಂದು ಡಿಜಿಟಲ್ ಥರ್ಮಾಮೀಟರ್, ಇದನ್ನು ಮನೆಯವರದ್ದಕ್ಕಿಂತ ಬೇರೆಯೇ ಇಟ್ಟುಕೊಳ್ಳಿ, ಯಾಕೆಂದರೆ ಇದು ಹೋಗುವುದು ಬಾಯಿಗಲ್ಲ. ಬೆಕ್ಕಿಗಾದರೆ ಬಾಗಿಲು ಗಟ್ಟಿಯಾಗಿ ಹಾಕಿಕೊಳ್ಳುವ ಬುಟ್ಟಿ ಅಥವಾ ಪೆಟ್ಟಿಗೆ. ಲಸಿಕೆಯನ್ನು ನೀವೇ ಮೆಡಿಕಲ್‌ನಿಂದ ತರಬೇಕಾಗಿದ್ದರೆ ಥರ್ಮಾಕೋಲ್ ಡಬ್ಬಿ, ಎರಡು ಐಸ್ ಪ್ಯಾಕ್, ಹಳೆಯ ನ್ಯೂಸ್‌ಪೇಪರ್.

ಹಂತ 1: ಮರಿಯ ನಿಜವಾದ ವಯಸ್ಸು ತಿಳಿದುಕೊಳ್ಳಿ

ಎಲ್ಲ ಲೆಕ್ಕವೂ ಹುಟ್ಟಿದ ದಿನದಿಂದಲೇ ಶುರು. ಮಾರುವವರು ಹೇಳುವ "45 ದಿನ" ಎಂಬ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಬೇಗ ಮಾರಿಹೋಗಲಿ ಎಂದು ಒಂದು ತಿಂಗಳ ಮರಿಗೂ ಅದನ್ನೇ ಹೇಳುವವರಿದ್ದಾರೆ. ಬೀದಿಯಿಂದ ತಂದ ಮರಿಯಾದರೆ ತಾರೀಖಂತೂ ಇರುವುದೇ ಇಲ್ಲ.

ಬಾಯಿ ತೆಗೆದು ಹಲ್ಲು ನೋಡಿ. ನಾಯಿಮರಿಗೆ ಹಾಲುಹಲ್ಲು ಮೂರರಿಂದ ಐದನೇ ವಾರದೊಳಗೆ ಮೂಡಲು ಶುರುವಾಗುತ್ತವೆ. ಎಂಟನೇ ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಬಂದಿರುತ್ತವೆ, ಸೂಜಿಯ ಹಾಗೆ ಚೂಪು. ಹಿಂದಿನ ದವಡೆಯಲ್ಲಿ ಇನ್ನೂ ಬರೀ ಒಸಡೇ ಇದ್ದರೆ ಮರಿ ತೀರಾ ಚಿಕ್ಕದು. ಮುಂದಿನ ಹಾಲುಹಲ್ಲು ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತಿದ್ದರೆ ನಾಲ್ಕು ತಿಂಗಳ ಆಸುಪಾಸು. ಅನುಮಾನವಿದ್ದರೆ ವೈದ್ಯರಿಗೆ ತೋರಿಸಿ, ಅವರು ಹೇಳಿದ ಅಂದಾಜಿನಲ್ಲಿ ಚಿಕ್ಕ ವಯಸ್ಸನ್ನೇ ಹಿಡಿಯಿರಿ. ಒಂದು ಡೋಸ್ ಹೆಚ್ಚಾದರೆ ನಷ್ಟವಿಲ್ಲ. ಬೇಗ ಮುಗಿಸಿದರೆ ಇದೆ.

ಹಂತ 2: ಲಸಿಕೆಗೆ ಮೊದಲು ಜಂತುಹುಳು

ಹೊಟ್ಟೆಯಲ್ಲಿ ಹುಳು ತುಂಬಿಕೊಂಡ ಮರಿ ಬಡಕಲಾಗಿರುತ್ತದೆ. ಅಂಥ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಮರಿಗೆ ಎರಡು ವಾರ ತುಂಬಿದಾಗಿನಿಂದ ಎರಡು ವಾರಕ್ಕೊಮ್ಮೆ, ಮೂರು ತಿಂಗಳ ತನಕ ಹುಳುವಿನ ಔಷಧಿ ಕೊಡುವುದು ರೂಢಿ. ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ. ನಿಮ್ಮ ಕೈಗೆ ಬಂದ ಮರಿಗೆ ಹಿಂದೆ ಏನು ಕೊಟ್ಟಿದ್ದಾರೋ ಗೊತ್ತಿಲ್ಲದಿದ್ದರೆ ಲಸಿಕೆಗೆ ಒಂದು ವಾರ ಮೊದಲು ಒಂದು ಸಲ ಕೊಟ್ಟುಬಿಡಿ.

ಡೋಸ್ ತೂಕದ ಮೇಲೆ. ಕಣ್ಣಂದಾಜಿಗೆ ಅರ್ಧ ಮಾತ್ರೆ ಎನ್ನಬೇಡಿ, ತಕ್ಕಡಿ ಇಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಔಷಧಿ ಕೊಟ್ಟ ಮಾರನೆಯ ದಿನ ಸೇವಿಗೆಯಂಥ ಹುಳು ಹೊರಬಂದರೆ ಗಾಬರಿ ಬೇಡ, ಅದು ಆಗಬೇಕಾದ್ದೇ. ಆದರೆ ಭೇದಿಯಲ್ಲಿ ರಕ್ತ ಕಂಡರೆ, ಮರಿ ಹಾಲನ್ನೂ ಮೂಸದಿದ್ದರೆ, ಲಸಿಕೆಯ ಯೋಚನೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 3: ನಾಯಿಮರಿಗೆ ವಾರದ ಲೆಕ್ಕ ಹಾಕಿ

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮರಿ ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣುಹಾಲು ಕುಡಿಯುತ್ತದೆ, ಅಲ್ವಾ? ಆ ಹಾಲಿನ ಜೊತೆ ತಾಯಿಯ ರೋಗನಿರೋಧಕ ಶಕ್ತಿಯೂ ಮರಿಗೆ ಬರುತ್ತದೆ. ಕೆಲವು ವಾರ ಅದೇ ಮರಿಯನ್ನು ಕಾಯುತ್ತದೆ. ತೊಂದರೆ ಏನೆಂದರೆ, ಈ ತಾಯಿಯ ಶಕ್ತಿಗೆ ಕಾಯಿಲೆಯ ವೈರಸ್ ಯಾವುದು, ಲಸಿಕೆಯೊಳಗಿನ ವೈರಸ್ ಯಾವುದು ಎಂಬ ಭೇದವಿಲ್ಲ. ಎರಡನ್ನೂ ಹೊಡೆದು ಹಾಕುತ್ತದೆ. ಮರಿಯ ಮೈ ಲಸಿಕೆಯಿಂದ ಏನನ್ನೂ ಕಲಿಯುವುದಿಲ್ಲ. ಚುಚ್ಚಿದ್ದು ನೀರುಪಾಲು.

ಈ ಶಕ್ತಿ ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಸೂಲಿನಲ್ಲಿ ಒಂದಕ್ಕೆ ಎಂಟನೇ ವಾರಕ್ಕೇ ಇಳಿದಿರಬಹುದು, ಇನ್ನೊಂದಕ್ಕೆ ಹದಿನಾಲ್ಕು ವಾರ ದಾಟಿದರೂ ಇರಬಹುದು. ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೇ ಕೆಲವು ವಾರಕ್ಕೊಮ್ಮೆ ಮತ್ತೆ ಮತ್ತೆ ಲಸಿಕೆ ಹಾಕುವುದು. ಮನೆಯವರು ಇದ್ದಾರೋ ಇಲ್ಲವೋ ಗೊತ್ತಿಲ್ಲದೆ ಆಗಾಗ ಬಂದು ಬಾಗಿಲು ತಟ್ಟಿದ ಹಾಗೆ. ಮೂರು ಸಲ ಚುಚ್ಚಿದರೆ ಮೂರು ಪಟ್ಟು ಶಕ್ತಿ ಎಂದು ತಿಳಿದಿರುವುದರಿಂದಲೇ ಜನ ಬೇಗ ಬೇಗ ಮೂರು ಮುಗಿಸಿ ಕೂರುತ್ತಾರೆ. ನಿಮ್ಮ ಗಮನ ಇರಬೇಕಾದ್ದು ಕೊನೆಯ ಡೋಸಿನ ಮೇಲೆ. ಅದು 16 ವಾರ ತುಂಬಿದ ಮೇಲೆಯೇ ಬೀಳಬೇಕು.

ಉದಾಹರಣೆಗೆ ಜನವರಿ 1ಕ್ಕೆ ಹುಟ್ಟಿದ ಮರಿ ಎಂದುಕೊಳ್ಳಿ.

* ಫೆಬ್ರವರಿ 12 (6 ವಾರ): ಪಾರ್ವೋ ಮತ್ತು ಡಿಸ್ಟೆಂಪರ್ (ಜ್ವರ, ಕೆಮ್ಮು ತಂದು ನರಕ್ಕೂ ಏರುವ ವೈರಸ್ ಕಾಯಿಲೆ) ಎರಡಕ್ಕೆ ಮಾತ್ರ ಇರುವ, ಮರಿಗಳಿಗೆಂದೇ ಮಾಡಿದ ಲಸಿಕೆ. ಆಸ್ಪತ್ರೆಯಲ್ಲಿ ಇದನ್ನು "ಪಪ್ಪಿ ಡಿಪಿ" ಎನ್ನುತ್ತಾರೆ.
* ಮಾರ್ಚ್ 5 (9 ವಾರ): ಸೆವೆನ್ ಇನ್ ಒನ್ ಅಥವಾ ನೈನ್ ಇನ್ ಒನ್ (ಒಂದೇ ಸೂಜಿಯಲ್ಲಿ ಹಲವು ಕಾಯಿಲೆಗಳ ಲಸಿಕೆ), ಮೊದಲ ಡೋಸ್.
* ಮಾರ್ಚ್ 26 (12 ವಾರ): ಅದರ ಎರಡನೇ ಡೋಸ್. ಜೊತೆಗೆ ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆ.
* ಏಪ್ರಿಲ್ 23 (16 ವಾರ): ಕೊನೆಯ ಡೋಸ್. ರೇಬೀಸ್ ಎರಡನೇ ಡೋಸನ್ನೂ ಇಲ್ಲೇ ಹಾಕುವವರು ಜಾಸ್ತಿ.

ಒಂದೆರಡು ದಿನ ಹಿಂದೆ ಮುಂದೆ ಆದರೆ ಏನೂ ಆಗದು. ಎರಡು ಡೋಸಿನ ನಡುವೆ ಎರಡು ವಾರಕ್ಕಿಂತ ಕಡಿಮೆ ಅಂತರ ಮಾತ್ರ ಬೇಡ. ಊರಿಗೆ ಹೋಗುತ್ತೇವೆ, ಇವತ್ತೇ ಹಾಕಿಬಿಡಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ನಡುವೆ ಆರು ವಾರಕ್ಕಿಂತ ಹೆಚ್ಚು ತಪ್ಪಿಹೋಗಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ಡೋಸ್ ಸೇರಿಸಬೇಕಾಗಬಹುದು.

"ನೈನ್ ಹಾಕಿಸಲಾ, ಟೆನ್ ಹಾಕಿಸಲಾ?" ಎಂದು ಕೇಳುವವರಿಗೆ ಒಂದು ಮಾತು. ಅಂಕಿ ದೊಡ್ಡದಾದ ಮಾತ್ರಕ್ಕೆ ಲಸಿಕೆ ದೊಡ್ಡದಲ್ಲ. ಮುಖ್ಯವಾದ ಪಾರ್ವೋ, ಡಿಸ್ಟೆಂಪರ್, ಕಾಮಾಲೆ ತರುವ ಅಡಿನೋ ವೈರಸ್ ಎಲ್ಲದರಲ್ಲೂ ಇರುತ್ತವೆ. ಅಂಕಿ ಏರುವುದು ಬಹುತೇಕ ಇಲಿಜ್ವರದ ತಳಿಗಳನ್ನು, ನಾಯಿಗಳದ್ದೇ ಆದ ಕೊರೊನಾವನ್ನು ಎಣಿಸುವುದರಿಂದ. ಮಲೆನಾಡು, ಕರಾವಳಿಯಲ್ಲಿ ಗದ್ದೆ ತೋಟದ ನಡುವೆ ನಾಯಿ ಸಾಕುವವರು ಇಲಿಜ್ವರದ ಭಾಗವನ್ನು ಬಿಡಲೇಬಾರದು. ಅದು ಎರಡು ಡೋಸ್ ಬಿದ್ದರೆ ಮಾತ್ರ ನಿಲ್ಲುತ್ತದೆ. ರೇಬೀಸ್ ಸಾಮಾನ್ಯವಾಗಿ ಈ ಯಾವುದರಲ್ಲೂ ಸೇರಿರುವುದಿಲ್ಲ, ಅದಕ್ಕೆ ಬೇರೆ ಸೂಜಿ.

ಇದರ ಉಲ್ಟಾ ತಪ್ಪೂ ಇದೆ. ಜುಲೈ 6ಕ್ಕೆ, ಸೆಪ್ಟೆಂಬರ್ 28ಕ್ಕೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರ ನಡೆಯುತ್ತದಲ್ಲ, ಅಲ್ಲಿ ಹಾಕುವುದು ರೇಬೀಸ್ ಲಸಿಕೆ. ಖಂಡಿತ ಹಾಕಿಸಿ. ಆದರೆ "ಶಿಬಿರದಲ್ಲಿ ಎಲ್ಲಾ ಆಯ್ತು" ಎಂದು ಪಾರ್ವೋ ಲಸಿಕೆ ಬಿಡಬೇಡಿ. ಶಿಬಿರದ ದಿನ ಮರಿಗೆ ಮೂರು ತಿಂಗಳು ತುಂಬಿರದಿದ್ದರೆ ರೇಬೀಸನ್ನೂ ಆಮೇಲೆ ಇನ್ನೊಮ್ಮೆ ಹಾಕಿಸಬೇಕು.

ದೊಡ್ಡ ನಾಯಿ ತಂದಿದ್ದೀರಿ, ಹಿಂದಿನದ್ದು ಏನೂ ಗೊತ್ತಿಲ್ಲ ಎಂದರೆ ಏನೂ ಹಾಕಿಲ್ಲ ಎಂದೇ ಹಿಡಿಯಿರಿ. ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಮತ್ತು ರೇಬೀಸ್ ಸಾಕಾಗುತ್ತದೆ.

ಹಂತ 4: ಬೆಕ್ಕಿಗೂ ಬೇಕು, ಆದರೆ ಬೇರೆ

"ಬೆಕ್ಕು ಮನೆಯೊಳಗೇ ಇರುತ್ತೆ, ಅದಕ್ಯಾಕೆ?" ಎನ್ನುವವರ ಮನೆಗೆ ಕಾಯಿಲೆ ಚಪ್ಪಲಿಯ ಜೊತೆ ಬರುತ್ತದೆ. ಬೆಕ್ಕಿನ ಪಾರ್ವೋ ಎನ್ನಬಹುದಾದ ಪ್ಯಾನ್‌ಲ್ಯೂಕೋಪೀನಿಯಾ ಮರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಸುತ್ತದೆ. ಬೆಕ್ಕಿಗೆ ಹಾಕುವುದು ತ್ರೀ ಇನ್ ಒನ್. ಪ್ಯಾನ್‌ಲ್ಯೂಕೋಪೀನಿಯಾ ಜೊತೆಗೆ ನೆಗಡಿ, ಕಣ್ಣಿನ ಗೀಜು, ಬಾಯಿಹುಣ್ಣು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳಿಗೂ ಸೇರಿ. ಕೊನೆಯ ಎರಡಕ್ಕೆ ಲಸಿಕೆ ಪೂರ್ತಿ ತಡೆಯಲ್ಲ, ಬಂದರೂ ಹಗುರಾಗಿ ಬಂದು ಹೋಗುತ್ತದೆ. ಹಾಗಾಗಿ ಲಸಿಕೆ ಹಾಕಿಸಿದ ಬೆಕ್ಕು ಸೀನಿದರೆ ಲಸಿಕೆಯೇ ಸುಳ್ಳು ಎನ್ನಬೇಡಿ.

ವಾರದ ಲೆಕ್ಕ ಇಲ್ಲೂ ಅದೇ. ಎಂಟನೇ ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ಮೂರು ತಿಂಗಳಿಗೆ ರೇಬೀಸ್. ನಾಯಿಯ ಲಸಿಕೆ ಮಿಕ್ಕಿದೆ ಎಂದು ಬೆಕ್ಕಿಗೆ ಹಾಕುವಂತಿಲ್ಲ, ರೇಬೀಸ್ ಒಂದು ಮಾತ್ರ ಎರಡಕ್ಕೂ ನಡೆಯುವಂಥದ್ದು ಸಿಗುತ್ತದೆ. ಗಬ್ಬದ ಬೆಕ್ಕಿಗೆ ತ್ರೀ ಇನ್ ಒನ್ ಬೇಡ. ಜೀವಂತ ವೈರಸ್ ಇರುವ ಲಸಿಕೆ ಹೊಟ್ಟೆಯೊಳಗಿನ ಮರಿಯ ಮೆದುಳನ್ನೇ ಕೆಡಿಸಬಹುದು.

ಬೆಕ್ಕಿಗೆ ಭುಜಗಳ ನಡುವೆ ಚುಚ್ಚುವ ಬದಲು ಕಾಲಿನ ಕೆಳಭಾಗದಲ್ಲಿ ಹಾಕಲು ಆಗುತ್ತದಾ ಎಂದು ವೈದ್ಯರನ್ನು ಕೇಳಿ. ಅಪರೂಪಕ್ಕೆ ಚುಚ್ಚಿದ ಜಾಗದಲ್ಲಿ ಕೆಟ್ಟ ಗಡ್ಡೆ ಬೆಳೆಯುವುದುಂಟು. ಕಾಲಿನಲ್ಲಾದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಬಹುದು.

ಹಂತ 5: ಲಸಿಕೆ ತಣ್ಣಗಿದೆಯಾ ನೋಡಿ

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಒಂದು ರೇಬೀಸ್ ಬಾಟಲಿ ಕಳೆದುಕೊಂಡ ಮೇಲೆ. ಬಿಸಿಲು ಎಂದು ಫ್ರೀಜರ್‌ನಿಂದ ಆಗ ತಾನೆ ತೆಗೆದ ಎರಡು ಐಸ್ ಪ್ಯಾಕ್ ನಡುವೆ ಬಾಟಲಿ ಒತ್ತಿಟ್ಟು, ಒಂದೂವರೆ ಗಂಟೆ ಬೈಕಿನಲ್ಲಿ ತಂದಿದ್ದೆ. ಡಾಕ್ಟರು ಬಾಟಲಿ ಕೈಗೆ ತೆಗೆದುಕೊಂಡವರೇ ಬೆಳಕಿಗೆ ಹಿಡಿದು ಓರೆ ಮಾಡಿದರು. ಒಳಗಿನದ್ದು ಅಲುಗಲಿಲ್ಲ. "ಇದು ಐಸ್‌ಕ್ಯಾಂಡಿ ಆಗಿದೆ ಕಣ್ರೀ" ಎಂದು ಕಸದ ಬುಟ್ಟಿಗೆ ಹಾಕಿದರು. ಕರಗಿಸಿ ಹಾಕಿಬಿಡಿ ಎಂದೆ. ನನ್ನ ಮುಖ ನೋಡಿದರು, ಅಷ್ಟೇ.

ಆದ್ದರಿಂದ ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ, ಮೇಲೆ ನೀರು ಬೆವರಲಿ. ಆಮೇಲೆ ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ ಡಬ್ಬಿಯಲ್ಲಿಡಿ. ಬಾಟಲಿ ಐಸ್ ಪ್ಯಾಕಿಗೆ ನೇರ ತಾಗಬಾರದು. ಮೆಡಿಕಲ್‌ನಲ್ಲಿ ಲಸಿಕೆಯನ್ನು ಕಪಾಟಿನಿಂದ ತೆಗೆದು ಕೊಟ್ಟರೆ ಬೇಡ ಎಂದು ಹೇಳಿ, ಅದು ಫ್ರಿಡ್ಜ್‌ನಿಂದಲೇ ಬರಬೇಕು. ನಿಜ ಹೇಳಬೇಕೆಂದರೆ, ವೈದ್ಯರ ಫ್ರಿಡ್ಜ್‌ನಲ್ಲೇ ಸ್ಟಾಕ್ ಇರುವ ಕಡೆ ಹಾಕಿಸಿಕೊಳ್ಳುವುದೇ ನೆಮ್ಮದಿ. ನೂರಿನ್ನೂರು ಉಳಿಸಲು ಈ ಸರ್ಕಸ್ ಬೇಡ.

ಹಂತ 6: ಚುಚ್ಚಿಸುವ ದಿನ

ಬೆಳಿಗ್ಗೆಯೇ ಹೋಗಿ. ಸಂಜೆ ಏಳಕ್ಕೆ ಹಾಕಿಸಿಕೊಂಡು ಬಂದು ರಾತ್ರಿ ಹತ್ತಕ್ಕೆ ಮುಖ ಊದಿಕೊಂಡರೆ ಯಾವ ಬಾಗಿಲು ತಟ್ಟುತ್ತೀರಿ?

ಹೊರಡುವ ಮುಂಚೆ ಥರ್ಮಾಮೀಟರ್ ಹಾಕಿ. ಗುದದಲ್ಲಿ ನೋಡಿದಾಗ ನಾಯಿ ಬೆಕ್ಕಿನ ಸಹಜ ಉಷ್ಣತೆ ಹೆಚ್ಚುಕಡಿಮೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 101 ಕಂಡು ಜ್ವರ ಎಂದುಕೊಳ್ಳಬೇಡಿ. 103 ದಾಟಿದ್ದರೆ, ವಾಂತಿ ಭೇದಿ ಇದ್ದರೆ, ಊಟ ಬಿಟ್ಟಿದ್ದರೆ ಲಸಿಕೆ ಮುಂದಕ್ಕೆ ಹಾಕಿ ವೈದ್ಯರಿಗೆ ಬರೀ ತೋರಿಸಿ. ಮರಿಯನ್ನು ಆಸ್ಪತ್ರೆಯ ನೆಲಕ್ಕೆ ಬಿಡಬೇಡಿ. ಪಾರ್ವೋ ಬಂದ ನಾಯಿಗಳು ಬರುವುದೂ ಅಲ್ಲಿಗೇ. ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ನೋಡಬೇಕಾದ್ದು ಇದು. ಪಾರ್ವೋ ಲಸಿಕೆಯ ಬಾಟಲಿಯ ತಳದಲ್ಲಿ ಸಣ್ಣ ಬಿಳಿ ಬಿಲ್ಲೆಯಂಥ ಒಣ ಪುಡಿ ಇರುತ್ತದೆ. ಜೊತೆಗಿರುವ ದ್ರವವನ್ನು ಅದಕ್ಕೆ ಸೇರಿಸಿ, ಕರಗಿಸಿ, ಆಗಲೇ ಚುಚ್ಚಬೇಕು. ಬೆಳಿಗ್ಗೆ ಕರಗಿಸಿಟ್ಟ ಸಿರಿಂಜ್ ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ಪೊಮೆರೇನಿಯನ್ ಆಗಲಿ ಗ್ರೇಟ್ ಡೇನ್ ಆಗಲಿ ಡೋಸ್ ಒಂದೇ, ಒಂದು ಬಾಟಲಿ ಪೂರ್ತಿ. ಚಿಕ್ಕ ಜಾತಿ ಎಂದು ಅರ್ಧ ಹಾಕಿಸಿ ಇನ್ನರ್ಧ ಅದರ ತಮ್ಮನಿಗೆ ಎಂದು ಹಂಚುವವರನ್ನು ನೋಡಿದ್ದೇನೆ. ಕೊನೆಗೆ ಇಬ್ಬರಿಗೂ ಇಲ್ಲ.

ಬಾಟಲಿಯ ಸ್ಟಿಕರ್ ಕಿತ್ತು ಕಾರ್ಡಿಗೆ ಅಂಟಿಸಬೇಕು. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇರುತ್ತದೆ. ಪಕ್ಕದಲ್ಲಿ ಹಾಕಿದ ದಿನ, ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ. "ವ್ಯಾಕ್ಸಿನೇಟೆಡ್" ಎಂದು ಬರೀ ಪೆನ್ನಿನಲ್ಲಿ ಬರೆದ ಕಾರ್ಡ್ ಇಟ್ಟುಕೊಂಡು ಮರಿ ಕೊಂಡಿದ್ದರೆ ಮೊದಲಿನಿಂದ ಶುರು ಮಾಡಿ.

ಹಂತ 7: ಮೊದಲ ಅರ್ಧ ಗಂಟೆ, ಆಮೇಲೆ ಎರಡು ದಿನ

ಚುಚ್ಚಿಸಿದ ಕೂಡಲೇ ಗಾಡಿ ಹತ್ತಬೇಡಿ. ಅರ್ಧ ಗಂಟೆ ಅಲ್ಲೇ ಇರಿ. ಅಲರ್ಜಿ ಆದರೆ ಬಹುಪಾಲು ಈ ಹೊತ್ತಿನಲ್ಲೇ ಸುಳಿವು ಕೊಡುತ್ತದೆ. ಮುಖ ಊದುವುದು ಕೆಲವು ಗಂಟೆ ತಡವಾಗಿಯೂ ಬರಬಹುದು.

ತಕ್ಷಣ ಓಡಬೇಕಾದ ಲಕ್ಷಣಗಳು: ತುಟಿ, ಕಣ್ಣಿನ ಸುತ್ತ ಊತ, ಮೈಮೇಲೆ ದದ್ದು, ಮೇಲಿಂದ ಮೇಲೆ ವಾಂತಿ, ಏದುಸಿರು, ಒಸಡು ಬಿಳಿಚಿಕೊಳ್ಳುವುದು, ಕುಸಿದು ಬೀಳುವುದು. ಒಸಡಿನ ಬಣ್ಣವನ್ನು ಆರೋಗ್ಯವಾಗಿದ್ದಾಗಲೇ ಒಮ್ಮೆ ತುಟಿ ಎತ್ತಿ ನೋಡಿಟ್ಟುಕೊಳ್ಳಿ. ಆಗ ವ್ಯತ್ಯಾಸ ಗೊತ್ತಾಗುತ್ತದೆ.

ಒಂದೆರಡು ದಿನ ಮಂಕಾಗಿ ಮಲಗುವುದು, ಕಡಿಮೆ ತಿನ್ನುವುದು, ಚುಚ್ಚಿದ ಜಾಗ ಮುಟ್ಟಿದರೆ ಕುಂಯ್ಗುಡುವುದು ಮಾಮೂಲಿ. ಚರ್ಮದ ಕೆಳಗೆ ಕಡಲೆಕಾಳಿನಷ್ಟು ಗಂಟು ಒಂದೆರಡು ವಾರ ಇರಬಹುದು. ಬೆಕ್ಕಿನಲ್ಲಿ ಆ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, 2 ಸೆಂಟಿಮೀಟರ್‌ಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ಮೇಲೂ ಬೆಳೆಯುತ್ತಿದ್ದರೆ, ಈ ಮೂರರಲ್ಲಿ ಒಂದಾದರೂ ತೋರಿಸಿ.

ಮೈ ಬಿಸಿ ಇದೆ ಎಂದು ಮನೆಯ ಪ್ಯಾರಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ. ಒಂದೇ ಮಾತ್ರೆ ಸಾಯಿಸಬಹುದು. ನಾಯಿಗೆ ಐಬುಪ್ರೊಫೆನ್ ಸಹ ಹಾಗೆಯೇ ಅಪಾಯ.

ಹಂತ 8: ಕೊನೆಯ ಡೋಸ್ ತನಕ ಬೀದಿ ಬೇಡ

ಚುಚ್ಚಿದ ದಿನವೇ ರಕ್ಷಣೆ ಬರುವುದಿಲ್ಲ. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯಲಿ. ಅಲ್ಲಿಯ ತನಕ ಪಾರ್ಕು, ಬೀದಿನಾಯಿ ಮಲಗುವ ಜಾಗ, ಪಕ್ಕದ ಮನೆಯ ಲಸಿಕೆಯಿಲ್ಲದ ನಾಯಿ ಎಲ್ಲವೂ ದೂರ. ಹಾಗೆಂದು ಮರಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅದು ಪುಕ್ಕಲಾಗುತ್ತದೆ. ಎತ್ತಿಕೊಂಡು ರಸ್ತೆ, ಬಸ್ಸು, ಜನ ಎಲ್ಲ ತೋರಿಸಿ, ಕೆಳಗೆ ಮಾತ್ರ ಬಿಡಬೇಡಿ.

ಮನೆಯಲ್ಲಿ ಹಿಂದೆ ಪಾರ್ವೋದಿಂದ ನಾಯಿ ಸತ್ತಿದ್ದರೆ ಇನ್ನೂ ಎಚ್ಚರ. ಆ ವೈರಸ್ ತಿಂಗಳುಗಟ್ಟಲೆ ಮಣ್ಣಿನಲ್ಲಿ ಕಾದು ಕೂರುತ್ತದೆ. ಫಿನಾಯಿಲ್ ಹಾಕಿ ತೊಳೆದೆ ಎಂದರೆ ಅದಕ್ಕೆ ಏನೂ ಆಗಿರುವುದಿಲ್ಲ. ಮೊದಲು ಸೋಪಿನಲ್ಲಿ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಅಂಗಳದ ಮಣ್ಣಿಗೆ ಇದೂ ಸಾಲದು. ಅಲ್ಲಿಗೆ ತರುವ ಹೊಸ ನಾಯಿಯ ಲಸಿಕೆ ಪೂರ್ತಿ ಮುಗಿದಿರಬೇಕು.

ಇನ್ನೊಂದು ಗೊಂದಲ: ಉಣ್ಣೆ ಜ್ವರಕ್ಕೆ ಈ ಲಸಿಕೆಗಳಲ್ಲಿ ಏನೂ ಇಲ್ಲ. ಉಣ್ಣೆ ಬಾರದಂತೆ ಮಾಡುವುದು ಬೇರೆಯೇ ಕೆಲಸ.

ಹಂತ 9: ವರ್ಷದ ಬೂಸ್ಟರ್

ಮರಿಯ ಕೋರ್ಸ್ ಮುಗಿದ ಮೇಲೆ ಆರು ತಿಂಗಳಿಂದ ಒಂದು ವರ್ಷದೊಳಗೆ ಒಂದು ಬೂಸ್ಟರ್ ಬೇಕೇ ಬೇಕು. ಆಮೇಲೆ ರೇಬೀಸ್, ಇಲಿಜ್ವರ ವರ್ಷಕ್ಕೊಮ್ಮೆ. ಪಾರ್ವೋ, ಡಿಸ್ಟೆಂಪರ್ ರಕ್ಷಣೆ ಮೂರು ವರ್ಷವಾದರೂ ನಿಲ್ಲುತ್ತದೆ ಎನ್ನುವುದು ಈಗಿನ ಅಂತರರಾಷ್ಟ್ರೀಯ ಸಲಹೆ. ನಮ್ಮಲ್ಲಿ ಎಲ್ಲ ಒಟ್ಟಿಗೆ ವರ್ಷಕ್ಕೊಮ್ಮೆ ಹಾಕುವುದೇ ಹೆಚ್ಚು. ನಿಮ್ಮ ವೈದ್ಯರ ಜೊತೆ ಕೂತು ಮಾತಾಡಿ.

ನಾಯಿ ಬೆಕ್ಕನ್ನು ಕರೆದುಕೊಂಡು ಜರ್ಮನಿಗೋ ಇಂಗ್ಲೆಂಡಿಗೋ ಹೊರಟವರು ಎಡವುವುದು ಕ್ರಮದಲ್ಲಿ. ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿದ ಲಸಿಕೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ, ಅದು ಮೈಗೆ ಹತ್ತಿದೆಯಾ ಎಂದು ನೋಡುವ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವುದು. ಟಿಕೆಟ್ ಬುಕ್ ಮಾಡಿ ಆಮೇಲೆ ಇದನ್ನು ಓದಿದವರು ನಾಯಿಯನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಿದ್ದಾರೆ.

ಲಸಿಕೆ ಆಗಿದೆ, ಆದರೂ ಕಚ್ಚಾಟವಾಯಿತು

ನಿಮ್ಮ ನಾಯಿಯನ್ನು ಬೀದಿನಾಯಿ ಕಚ್ಚಿದರೆ ಗ್ಲೌಸ್ ಹಾಕಿಕೊಂಡು ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕಾರ್ಡ್ ಹಿಡಿದುಕೊಂಡು ಅದೇ ದಿನ ವೈದ್ಯರ ಹತ್ತಿರ ಹೋಗಿ. ಲಸಿಕೆ ಚಾಲ್ತಿಯಲ್ಲಿದ್ದರೂ ಬೂಸ್ಟರ್ ಹಾಕುತ್ತಾರೆ. ಹಾಕಿಸಿಯೇ ಇರದಿದ್ದರೆ ಹಲವು ಡೋಸಿನ ಕೋರ್ಸ್.

ನಿಮ್ಮದೇ ನಾಯಿ ಬೆಕ್ಕು ಮನೆಯವರಿಗೆ ಕಚ್ಚಿದರೆ, ಪರಚಿ ರಕ್ತ ಬಂದರೆ, "ನಮ್ಮ ನಾಯಿಗೆ ಆಗಿದೆಯಲ್ಲ" ಎಂದು ಸುಮ್ನೆ ಕೂರಬೇಡಿ. ಸುಣ್ಣ, ಅರಿಶಿನ, ಖಾರದಪುಡಿ ಏನನ್ನೂ ಮೆತ್ತದೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ರೋಗನಿರೋಧಕ ಶಕ್ತಿಯ ಇಂಜೆಕ್ಷನ್) ಕೂಡ ಬೇಕಾಗುತ್ತದೆ, ಕೇಳಿ. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ಗಮನಿಸಿ. ಆದರೆ ಆ ಹತ್ತು ದಿನ ಕಾದು ನೋಡಿ ಆಮೇಲೆ ಇಂಜೆಕ್ಷನ್ ಶುರು ಮಾಡೋಣ ಎನ್ನಬೇಡಿ. ಮನುಷ್ಯರ ಮೊದಲ ಡೋಸ್ ಕಚ್ಚಿದ ದಿನವೇ.